ಈ ತಿಂಗಳ ಪಾಠ: ಮಾತಾಡಿದ್ದಕ್ಕೆ ಜೈಲಾದರೆ?



ಈಗ ನಮ್ಮ ಬಹಳಷ್ಟು ಸಂಘಗಳಿಗೆ ವಾಟ್ಸಾಪ್ ಗುಂಪು ಇದೆ. ಸಾಲದ ಕಂತು, ಸಭೆಯ ವೇಳೆ, ಹಬ್ಬದ ಶುಭಾಶಯ ಎಲ್ಲಾ ಅದರಾಗೇ. "ಅದರಾಗ ಏನರ ಬರದ್ರ ಪೊಲೀಸರು ಹಿಡೀತಾರಂತ, ಖರೇನೇನ್ರೀ?" ಎಂದು ಸಭೆಯಲ್ಲಿ ಒಬ್ಬ ಅಕ್ಕ ಕೇಳಿದರು.

ದೂರ ಹೋಗೂದು ಬ್ಯಾಡ, ನಮ್ಮ ಹುಬ್ಬಳ್ಳಿಯದನ್ನೇ ನೋಡೋಣ. 2020ರ ಫೆಬ್ರವರಿಯಲ್ಲಿ ಇಲ್ಲಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಓದುತ್ತಿದ್ದ ಮೂವರು ಕಾಶ್ಮೀರಿ ಹುಡುಗರ ಮೇಲೆ, ಪಾಕಿಸ್ತಾನದ ಪರ ಘೋಷಣೆಯ ವಿಡಿಯೋ ಹರಿಬಿಟ್ಟರೆಂದು ದೇಶದ್ರೋಹದ ಕೇಸು ಬಿತ್ತು. ಊರು ಸಿಟ್ಟಿಗೆದ್ದಿತು. ಅವರ ಪರ ಯಾರೂ ವಕಾಲತ್ತು ಹಾಕಬಾರದೆಂದು ಹುಬ್ಬಳ್ಳಿ ವಕೀಲರ ಸಂಘ ಠರಾವು ಮಾಡಿತು. ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ಬೆಂಗಳೂರಿನಿಂದ ಬಂದ ವಕೀಲರು ಪೊಲೀಸ್ ರಕ್ಷಣೆಯಲ್ಲೇ ಧಾರವಾಡದ ಕೋರ್ಟಿಗೆ ಹೋಗಬೇಕಾಯಿತು. ಅವಧಿಯೊಳಗೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗದೆ ಜೂನ್‌ನಲ್ಲಿ ಜಾಮೀನು ಸಿಕ್ಕಿತು.

ಆ ಘೋಷಣೆ ನಮಗೂ ಹಿಡಿಸಲಿಲ್ಲ. ಆದರೆ ಅದು ಅಪರಾಧವೋ ಅಲ್ಲವೋ ಎನ್ನಬೇಕಾದವರು ನ್ಯಾಯಾಧೀಶರು, ಅದೂ ಎರಡೂ ಕಡೆ ಕೇಳಿ. ಬಂಧಿತರಿಗೆ ತಮಗೆ ಬೇಕಾದ ವಕೀಲರನ್ನು ಇಟ್ಟುಕೊಳ್ಳುವ ಹಕ್ಕನ್ನು ಸಂವಿಧಾನದ 22ನೇ ವಿಧಿಯೇ ಕೊಟ್ಟಿದೆ. ಊರಿಗೆ ಸೇರಿದವರಿಗಷ್ಟೇ ವಕೀಲರೆಂದರೆ, ನಾಳೆ ರೇಶನ್ ಅಂಗಡಿಯ ಮೋಸ ಬರೆದ ನಮ್ಮ ಮಗಳ ಪರ ಯಾರು ನಿಲ್ಲತಾರ? ಮಾತಿಗೆ ಮಾತಿನಿಂದ ಉತ್ತರ ಕೊಡದಿದ್ದರೆ ಏನಾಗುತ್ತದೆಂಬುದನ್ನು ಧಾರವಾಡ ಕಂಡಿದೆ. ಡಾ. ಎಂ. ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಅವರ ಮನೆಯಲ್ಲೇ ಗುಂಡಿಕ್ಕಿ ಕೊಂದರು.

ಅಕ್ಕನ ಪ್ರಶ್ನೆಗೆ ಬರೋಣ. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದ ಹುಡುಗಿಯನ್ನೂ, ಅದಕ್ಕೆ ಲೈಕ್ ಒತ್ತಿದ ಗೆಳತಿಯನ್ನೂ ಬಂಧಿಸಿದ್ದರು. (ಬರೀ ಲೈಕ್!) ಅಲ್ಲಿ ಬಳಸಿದ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಹಂಗಂತ ಎಲ್ಲಾ ಹಾಕಬಹುದಂತಲ್ಲ. ಧರ್ಮ-ಧರ್ಮದ ನಡುವೆ ದ್ವೇಷ ಹಚ್ಚುವ ಮೆಸೇಜಿಗೆ ಈಗಲೂ ಕೇಸಾಗುತ್ತದೆ, ಮುಂದೆ ಕಳಿಸಿದವರ ಮೇಲೂ.

ಯಾರನ್ನಾದರೂ ಹಿಡಿದರೆ ಕಾರಣ ಕೇಳಿ, ಹೇಳಲೇಬೇಕು. ದಾರಿಯ ವೇಳೆ ಬಿಟ್ಟು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಹೆಂಗಸರನ್ನು ಹೊತ್ತು ಮುಳುಗಿದ ಮೇಲೆ, ವಿಶೇಷ ಸಂದರ್ಭ ಬಿಟ್ಟರೆ, ಬಂಧಿಸುವಂತಿಲ್ಲ. ಮಹಿಳೆಯರಿಗೂ ಬಂಧನದಲ್ಲಿರುವವರಿಗೂ, ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಧಾರವಾಡದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು, ಇಲ್ಲವೇ 15100ಕ್ಕೆ ಫೋನ್ ಮಾಡಬಹುದು. ಈ ನಂಬರನ್ನು ಸಂಘದ ಠರಾವು ಪುಸ್ತಕದ ಹಿಂದಿನ ಪುಟದಲ್ಲಿ ಇವತ್ತೇ ಬರೆದಿಡಿ.