ಘರ್ಷಣೆಯ ಪಾಠಕ್ಕೆ ಒಂದು ಹಿಡಿ ಅರಳೆ: ಕೈನೂಲು ಮತ್ತು ಬೆರಳ ಹೆಣಿಗೆ

8ನೇ ತರಗತಿಯ ‘ಘರ್ಷಣೆ’ ಪಾಠವನ್ನು ನಾವು ಸಾಮಾನ್ಯವಾಗಿ ಇಟ್ಟಿಗೆ ಮತ್ತು ಸ್ಪ್ರಿಂಗ್ ತ್ರಾಸಿನಿಂದ ಆರಂಭಿಸುತ್ತೇವೆ. ರಾಯಚೂರು ಜಿಲ್ಲೆಯ ಮಕ್ಕಳಿಗೆ ಅವೆರಡಕ್ಕಿಂತ ಹತ್ತಿರದ ವಸ್ತು ಹತ್ತಿ. ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಹತ್ತಿ ಬಿಡಿಸುವ ದಿನಗಳು ಬಂದರೆ ತರಗತಿಯಲ್ಲಿ ಹಾಜರಿ ಇಳಿಯುತ್ತದೆ. ಹೊಲದಿಂದ ಮರಳಿದ ಮಗುವನ್ನು ‘ಪಾಠ ತಪ್ಪಿಸಿಕೊಂಡವರು’ ಎಂದು ಹಿಂದೆ ಕೂರಿಸುವ ಬದಲು, ಅದರ ಕೈಗೆ ಗೊತ್ತಿರುವ ವಸ್ತುವಿನಿಂದಲೇ ಪಾಠ ಶುರು ಮಾಡಬಹುದೇ ಎಂಬ ಪ್ರಶ್ನೆಯಿಂದ ಈ ಪಾಠಯೋಜನೆ ರೂಪುಗೊಂಡಿತು. ಇದಕ್ಕೆ 40 ನಿಮಿಷಗಳ 2 ಅವಧಿ ಬೇಕು.

ಕಲಿಕಾ ಫಲ: ಮೇಲ್ಮೈಗಳು ಒತ್ತಿಕೊಂಡಷ್ಟೂ ಅವುಗಳ ನಡುವಿನ ಘರ್ಷಣೆ ಹೆಚ್ಚುತ್ತದೆ ಎಂಬುದನ್ನು ವಿದ್ಯಾರ್ಥಿಯು ನೂಲಿನ ಉದಾಹರಣೆಯಿಂದ ವಿವರಿಸುವುದು.

ಸಾಮಗ್ರಿ: ಕಾಳು ತೆಗೆದ ಅರಳೆ, ಸ್ವಲ್ಪ ಕುರಿ ಉಣ್ಣೆ, ಹೊಲಿಗೆ ದಾರ, ಪೆನ್ಸಿಲ್, ಒಣಗಿದ ಮಣ್ಣಿನ ಬಿಲ್ಲೆ, ಕಾಗದದ ಲೋಟ, ನಾಣ್ಯಗಳು. ಬಿಲ್ಲೆಯ ನಡುವಿನ ತೂತಿಗೆ ಪೆನ್ಸಿಲ್ ತೂರಿಸಿದರೆ ಕದಿರು ಸಿದ್ಧ.

ತೊಡಗಿಸಿಕೊಳ್ಳುವುದು: ಹತ್ತಿಯ ಒಂದು ಎಳೆ ಸುಮಾರು 3 ಸೆಂ.ಮೀ. ಉದ್ದ. ಹೀಗಿರುವಾಗ ಮೀಟರುಗಟ್ಟಲೆ ನೂಲು ಹೇಗಾಯಿತು? ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೋಗುವ ಎಳೆ ಒಂದೂ ಇಲ್ಲ, ಅಂಟೂ ಇಲ್ಲ, ಗಂಟೂ ಇಲ್ಲ. ಈ ಪ್ರಶ್ನೆಗೆ ಉತ್ತರವನ್ನು ಶಿಕ್ಷಕರು ಹೇಳಬಾರದು.

ಪರಿಶೋಧಿಸುವುದು: ಪ್ರತಿ ಗುಂಪು 15 ಸೆಂ.ಮೀ. ಉದ್ದದ 3 ಹಂಜಿಗಳನ್ನು ಮಾಡಲಿ. ಮೊದಲನೆಯದನ್ನು ಹೊಸೆಯುವುದು ಬೇಡ, ಎರಡನೆಯದಕ್ಕೆ 10 ಸುತ್ತು, ಮೂರನೆಯದಕ್ಕೆ 30 ಸುತ್ತು. ಪ್ರತಿಯೊಂದಕ್ಕೂ ಲೋಟ ಕಟ್ಟಿ ಒಂದೊಂದೇ ನಾಣ್ಯ ಹಾಕಿ, ಹರಿಯುವವರೆಗೆ ಎಣಿಸಲಿ. ಹೊಸೆಯದ ಹಂಜಿ ಲೋಟದ ಭಾರಕ್ಕೇ ಬಿಚ್ಚಿಕೊಳ್ಳುತ್ತದೆ. ಹುರಿ ಹೆಚ್ಚಾದಂತೆ ನಾಣ್ಯವೂ ಹೆಚ್ಚುತ್ತದೆ.

ಎರಡನೇ ಚಟುವಟಿಕೆಯಲ್ಲಿ ಕದಿರಿನಿಂದ ಬೇಕೆಂದೇ ದಪ್ಪ-ಸಣ್ಣ ನೂಲು ತೆಗೆಯಿಸಬೇಕು. ಅಲಂಕಾರಿಕ ನೂಲು ಎಂದು ಕರೆಯುವುದು ಇಂಥದ್ದನ್ನೇ. ಎಳೆಯುವ ಮೊದಲು ‘ಎಲ್ಲಿ ಹರಿಯುತ್ತದೆ?’ ಎಂದು ಬರೆಸಿಕೊಳ್ಳಿ. ಮಾನ್ವಿ ತಾಲ್ಲೂಕಿನ ನನ್ನ ತರಗತಿಯಲ್ಲಿ ಬಹುತೇಕರು ಸಣ್ಣ ಭಾಗ ಎಂದೇ ಬರೆದಿದ್ದರು. ಎಳೆದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಟೀಚರ್, ಸಣ್ಣಂದು ಗಟ್ಟಿ ಐತ್ರಿ, ದಪ್ಪಂದ ಜಾರಿ ಬಿಡ್ತು. ಅಲ್ಲಿ ಹುರಿ ಕುಂತಿಲ್ರಿ” ಎಂದಳು. ಆ ಅವಧಿಯ ಸಾರವೆಲ್ಲ ಈ ಮಾತಿನಲ್ಲಿತ್ತು.

ವಿವರಿಸುವುದು: ಹೊಸೆದಾಗ ಎಳೆಗಳು ಒಂದನ್ನೊಂದು ಸುತ್ತಿಕೊಳ್ಳುತ್ತವೆ. ನೂಲನ್ನು ಎಳೆದಷ್ಟೂ ಆ ಸುತ್ತುಗಳು ಒಳಮುಖವಾಗಿ ಒತ್ತುತ್ತವೆ. ಒತ್ತಿದಷ್ಟೂ ಘರ್ಷಣೆ ಹೆಚ್ಚಿ ಎಳೆಗಳು ಜಾರುವುದಿಲ್ಲ. ಸಣ್ಣ ಭಾಗವನ್ನು ತಿರುಚುವುದು ಸುಲಭವಾದ್ದರಿಂದ ಹುರಿ ಅಲ್ಲಿಗೇ ಓಡುತ್ತದೆ. ದಪ್ಪ ಭಾಗ ಮೆತ್ತಗೆ ಉಳಿದು ಜಾರುತ್ತದೆ. ಹಾಗೆಂದು ಹುರಿಗೂ ಮಿತಿಯಿದೆ: ಅತಿಯಾದರೆ ನೂಲು ಗಂಟುಗಂಟಾಗಿ ಸುರುಳಿಕೊಳ್ಳುತ್ತದೆ, ಬಲವೂ ತಗ್ಗುತ್ತದೆ. ದಪ್ಪ ಭಾಗವನ್ನು ಕಾಪಾಡಲು ನೂಲಿನ ಜೊತೆ ಹೊಲಿಗೆ ದಾರವನ್ನು ಸೇರಿಸಿ, ಮೊದಲು ಹೊಸೆದದ್ದಕ್ಕೆ ವಿರುದ್ಧ ದಿಕ್ಕಿನಲ್ಲಿ ಹೊಸೆಯಬೇಕು.

ವಿಸ್ತರಿಸುವುದು: ಈ ಜೋಡಿ ನೂಲನ್ನು ನಾಲ್ಕು ಬೆರಳುಗಳ ನಡುವೆ ಹೆಣೆದು ಪಟ್ಟಿ ಮಾಡಿಸಬಹುದು; ಕಡ್ಡಿಯ ಅಗತ್ಯವಿಲ್ಲ. ನೇಯ್ಗೆಯಲ್ಲಿ ಹಾಸು-ಹೊಕ್ಕು ನೂಲುಗಳು ಅಡ್ಡಾಡುತ್ತವೆ. ಹೆಣಿಗೆಯಲ್ಲಿ ಒಂದೇ ನೂಲು ಕುಣಿಕೆಯೊಳಗೆ ಕುಣಿಕೆಯಾಗಿ ಸಾಗುತ್ತದೆ. ಪಟ್ಟಿಯನ್ನು ಹಿಗ್ಗಿಸಿ ನೋಡಿದರೆ ವ್ಯತ್ಯಾಸ ತಾನೇ ತಿಳಿಯುತ್ತದೆ. ಬಳಿಕ ಉಣ್ಣೆ ಕೊಡಿ. ಅದರ ಎಳೆಯ ಮೇಲೆ ಸೂಕ್ಷ್ಮ ಶಲ್ಕಗಳಿರುವುದರಿಂದ ಎಳೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ದಖನಿ ಕುರಿಯ ಉಣ್ಣೆ ಒರಟು. ಮೈಗೆ ತಾಗುವ ಸ್ವೆಟರಿಗೆ ಚುಚ್ಚುತ್ತದೆ, ಆದರೆ ಕಂಬಳಿಗೆ ಒಪ್ಪುತ್ತದೆ. ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿ ಬಿಗಿ ತರುವ ಪದ್ಧತಿಯನ್ನೂ ಇಲ್ಲಿ ಪ್ರಸ್ತಾಪಿಸಬಹುದು.

ಮೌಲ್ಯಮಾಪನ: ಇಲ್ಲಿ ಅಂಕ ಎಲ್ಲಿಗೆ ಹೋಗಬೇಕೆಂಬುದನ್ನು ಮೊದಲೇ ನಿರ್ಧರಿಸುವುದು ಅಗತ್ಯ. ನೂಲಿನ ಅಂದಕ್ಕೆ ಅಂಕ ಕೊಟ್ಟರೆ ಪಾಠ ಕರಕುಶಲ ಸ್ಪರ್ಧೆಯಾಗುತ್ತದೆ. ಊಹೆ, ವೀಕ್ಷಣೆ, ಕಾರಣ ಈ ಮೂರಕ್ಕೆ ಮಾತ್ರ ಅಂಕವಿರಲಿ. ಸಮವಲ್ಲದ ನೂಲು ಪಂಚೆಗೆ ದೋಷ, ಅಲಂಕಾರದ ಹೆಣಿಗೆಗೆ ಗುಣ. ಬಳಕೆ ಯಾವುದೆಂದು ಕೇಳದೆ ತಪ್ಪು-ಸರಿ ಹೇಳಲಾಗದು ಎಂಬುದೂ ವಿಜ್ಞಾನದ ಪಾಠವೇ.

ಗಮನಿಸಬೇಕಾದದ್ದು: ಸ್ಥಳೀಯ ಜ್ಞಾನವನ್ನು ತರಗತಿಗೆ ತರುವ ಉತ್ಸಾಹದಲ್ಲಿ ‘ನಿಮ್ಮ ಮನೆಯಲ್ಲಿ ಕುರಿ ಇವೆಯಲ್ಲ, ನೀನೇ ಬಂದು ತೋರಿಸು’ ಎಂದು ಒಂದು ಮಗುವನ್ನು ಎಬ್ಬಿಸಬಾರದು. ಅದು ಗೌರವದಂತೆ ಕಂಡರೂ ಮಗುವಿನ ಜಾತಿಯನ್ನು ತರಗತಿಯ ಮುಂದೆ ಇಟ್ಟಂತೆ. ಎಲ್ಲರ ಕೈಗೂ ಅರಳೆ ಕೊಡಿ. ಗೊತ್ತಿರುವವರು ತಾವಾಗಿ ಪಕ್ಕದವರಿಗೆ ಹೇಳಿಕೊಡುತ್ತಾರೆ. ಹಾಗೆಯೇ, ಹತ್ತಿ ಬಿಡಿಸಲು ಹೋಗಿ ತಪ್ಪಿದ ತರಗತಿಗಳನ್ನು ಈ ಪಾಠ ತುಂಬಿಕೊಡುವುದಿಲ್ಲ. ಆ ಮಕ್ಕಳಿಗೆ ಪ್ರತ್ಯೇಕ ಪೂರಕ ಬೋಧನೆ ಬೇಕೇ ಬೇಕು. ಮರಳಿ ಬಂದ ದಿನ, ತನಗೂ ಹೇಳಲು ಏನೋ ಇದೆ ಎಂದು ಮಗುವಿಗೆ ಅನ್ನಿಸುವಂತೆ ಮಾಡುವುದಷ್ಟೇ ಈ ಒಂದು ಹಿಡಿ ಅರಳೆಯ ಕೆಲಸ.