ವೃದ್ಧರ ಶುಶ್ರೂಷೆ: ಕಲಿತು ಮಾಡಬೇಕಾದ ಕಾಯಕ

ವೃದ್ಧರ ಸೇವೆಗೆ ಮನಸ್ಸು ಬೇಕು ಎಂಬುದನ್ನು ಎಲ್ಲರೂ ಬಲ್ಲರು. ಅದಕ್ಕೆ ಶಿಕ್ಷಣವೂ ಬೇಕೆಂಬುದನ್ನು ಬಲ್ಲವರು ವಿರಳ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಶೇಕಡ 9.5ರಷ್ಟು ಮಂದಿ ಅರವತ್ತು ತುಂಬಿದವರು. ಚಾಮರಾಜನಗರ, ಗುಂಡ್ಲುಪೇಟೆಗಳ ಹಳ್ಳಿಗಳಲ್ಲಿ ಮಕ್ಕಳು ಉದ್ಯೋಗವನ್ನರಸಿ ಮೈಸೂರು, ಬೆಂಗಳೂರುಗಳಿಗೆ ತೆರಳಿದ ಮೇಲೆ, ಹಾಸಿಗೆ ಹಿಡಿದ ಹಿರಿಯರ ಹೊಣೆ ಸೊಸೆಯ ಮೇಲೋ, ಸ್ವತಃ ಮುಪ್ಪಡರಿದ ಪತ್ನಿಯ ಮೇಲೋ ಬೀಳುತ್ತದೆ.

ಇಂಥ ಮನೆಯಲ್ಲಿ ಪ್ರೀತಿಗೆ ಕೊರತೆಯಿರದಿದ್ದರೂ ಅಪಾಯ ತಪ್ಪುವುದಿಲ್ಲ. ಮಗ್ಗುಲು ಬದಲಿಸಲಾರದ ರೋಗಿಯನ್ನು ಸುಮಾರು ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಸೊಂಟ, ಹಿಮ್ಮಡಿಗಳಲ್ಲಿ ಹಾಸಿಗೆ ಹುಣ್ಣು ಏಳುತ್ತದೆ. ಕೆಂಪಾದ ಚರ್ಮವನ್ನು ಎಣ್ಣೆ ಹಚ್ಚಿ ಬಲವಾಗಿ ಉಜ್ಜಿದರೆ ಕೇಡು ಹೆಚ್ಚುತ್ತದೆ. ಮಲಗಿದಂತೆಯೇ ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ನಿನ್ನೆಯವರೆಗೆ ಸರಿಯಾಗಿ ಮಾತನಾಡುತ್ತಿದ್ದ ಅಜ್ಜಿ ಇಂದು ಮನೆಯವರನ್ನೇ ಗುರುತಿಸದಿದ್ದಾಗ ಜನರು ಅದನ್ನು ಅರಳುಮರಳು ಎಂದು ತಳ್ಳಿಹಾಕುವುದುಂಟು. ಅದಕ್ಕೆ ಮೂತ್ರನಾಳದ ಸೋಂಕೋ, ನೀರಿನ ಕೊರತೆಯೋ, ಹೊಸ ಔಷಧಿಯೋ ಕಾರಣವಾಗಿರಬಹುದು, ಚಿಕಿತ್ಸೆಯಿಂದ ಆಕೆ ಚೇತರಿಸಿಕೊಳ್ಳಲೂಬಹುದು. ಈ ಒಂದು ಸಂಗತಿಯನ್ನು ಅರಿತ ಶುಶ್ರೂಷಕಿಯಿಂದ ಜೀವವೇ ಉಳಿದೀತು.

ಕಲಿಯುವ ದಾರಿಗಳು ಇಲ್ಲದಿಲ್ಲ. ವೃದ್ಧರ ಆರೋಗ್ಯ ಪಾಲನೆಯ ರಾಷ್ಟ್ರೀಯ ಕಾರ್ಯಕ್ರಮ 2010-11ರಲ್ಲಿ ಆರಂಭವಾಯಿತು. ಆಶಾ ಕಾರ್ಯಕರ್ತೆಯರಿಗೂ ಈ ವಿಷಯದ ತರಬೇತಿ ಕೈಪಿಡಿ ಸಿದ್ಧವಾಗಿದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಮಾಜಿಕ ರಕ್ಷಣಾ ಸಂಸ್ಥೆ ವೃದ್ಧರ ಆರೈಕೆಯ ತರಬೇತಿಗಳನ್ನು ನಡೆಸುತ್ತ ಬಂದಿದೆ. ಚಾಮರಾಜನಗರದಲ್ಲಿ 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಪ್ರಾರಂಭವಾಯಿತು. ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು 1954ರಲ್ಲಿ ಸ್ಥಾಪಿಸಿದ ಜೆ.ಎಸ್.ಎಸ್. ಮಹಾವಿದ್ಯಾಪೀಠದ ನರ್ಸಿಂಗ್ ಕಾಲೇಜು ಮೈಸೂರಿನಲ್ಲಿದೆ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಗಿರಿಜನ ಯುವತಿಯರನ್ನೇ ಆರೋಗ್ಯ ಸಹಾಯಕಿಯರನ್ನಾಗಿ ಸಿದ್ಧಪಡಿಸಿದ್ದು ವಿಶೇಷವಾಗಿ ಗಮನಾರ್ಹ: ಊರಿನ ಮಗಳೇ ದಾದಿಯಾದಾಗ ರೋಗಿಗೆ ಭಾಷೆಯೂ ಸಂಕೋಚವೂ ಅಡ್ಡಬರುವುದಿಲ್ಲ.

ಆದರೆ ಒಂದು ದಿನದ ಉಪನ್ಯಾಸ ಕೇಳಿ ಪ್ರಮಾಣಪತ್ರ ಪಡೆದು ಮರಳುವುದನ್ನು ತರಬೇತಿಯೆನ್ನಲಾಗದು. ಈ ವಿಷಯದಲ್ಲಿ ಗುಂಡ್ಲುಪೇಟೆಯವರು ದೂರ ಹೋಗಿ ನೋಡಬೇಕಾಗಿಲ್ಲ, ಗಡಿಯಾಚೆಗೆ ವಯನಾಡಿದೆ. ಕಲ್ಲಿಕೋಟೆಯಲ್ಲಿ 1993ರಲ್ಲಿ ಆರಂಭವಾದ ಉಪಶಮನ ಸೇವೆ ಉತ್ತರ ಕೇರಳದ ಊರುಗಳಿಗೆ ಹಬ್ಬಿದಾಗ, ಅಲ್ಲಿನ ಸ್ವಯಂಸೇವಕರಿಗೆ ಹದಿನಾರು ಗಂಟೆಗಳ ಪಾಠದೊಡನೆ ನಾಲ್ಕು ದಿನ ರೋಗಿಗಳ ಬಳಿ ಅಭ್ಯಾಸವನ್ನೂ ಗೊತ್ತುಪಡಿಸಲಾಯಿತು. ಶಿಕ್ಷಕರು, ವಿದ್ಯಾರ್ಥಿಗಳು, ಕೂಲಿಕಾರರು ಹೀಗೆ ಕಲಿತು ದಾದಿಯರ ಜೊತೆಯಲ್ಲಿ ಮನೆಮನೆಗೆ ಹೋದರು. 2008ರಲ್ಲಿ ಕೇರಳ ಸರ್ಕಾರ ಇದಕ್ಕಾಗಿ ನೀತಿಯನ್ನೇ ರೂಪಿಸಿತು.

ಇಲ್ಲಿಯ ಪ್ರೌಢಶಾಲೆ, ಕಾಲೇಜುಗಳ ವಿದ್ಯಾರ್ಥಿಗಳಿಗೂ ಇಷ್ಟು ಪಾಠ ಭಾರವೆನಿಸದು. ಇದನ್ನೇ ಜೀವನೋಪಾಯವಾಗಿ ಆರಿಸಿಕೊಳ್ಳುವವರ ಮಾತು ಬೇರೆ: ಅವರಿಗೆ ಆಸ್ಪತ್ರೆಯ ವಾರ್ಡಿನಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಬೇಕು, ಅದು ಮುಗಿದ ಮೇಲೆ ಮನೆಗೆಲಸದವರ ಕೂಲಿಯಲ್ಲ, ಕಲಿತ ಕೆಲಸಕ್ಕೆ ತಕ್ಕ ಸಂಬಳ ದೊರೆಯಬೇಕು. ದಾನಿಗಳು ವೃದ್ಧಾಶ್ರಮದ ಕಟ್ಟಡಕ್ಕೆ ನೀಡುವ ಹಣದಲ್ಲಿ ಒಂದು ಪಾಲನ್ನು ಇಂಥ ವಿದ್ಯಾರ್ಥಿನಿಯರ ಶುಲ್ಕ ಮತ್ತು ವಸತಿಗೆ ಮೀಸಲಿಟ್ಟರೆ, ಆ ಕಟ್ಟಡದೊಳಗೆ ರಾತ್ರಿ ಎದ್ದು ರೋಗಿಯ ಮಗ್ಗುಲು ಬದಲಿಸಬಲ್ಲವರೂ ಇರುತ್ತಾರೆ.