ಹಲಾಲ್ ಮಾಂಸ ತಯ್ಯಿಬ್ ಆಗಿಯೂ ಇರಲಿ

ಕುರ್‌ಆನ್ 'ಹಲಾಲ್' ಜೊತೆಗೆ 'ತಯ್ಯಿಬ್', ಅಂದರೆ ಶುದ್ಧ ಎಂಬ ಪದವನ್ನೂ ಹೇಳಿದೆ. ಝಬಹ್‌ನಿಂದ ಮಾಂಸ ಹಲಾಲ್ ಆಗುತ್ತದೆ. ಆದರೆ ಕೋಳಿಯ ಕರುಳಿನಲ್ಲಿರುವ ಸಾಲ್ಮೊನೆಲ್ಲಾ, ಇ. ಕೊಲೈ ಬ್ಯಾಕ್ಟೀರಿಯಾಗಳು ಕತ್ತರಿಸುವಾಗ ಮಾಂಸಕ್ಕೆ ಅಂಟಬಹುದು.

ರೋಗ ಬಾರದಿರಲಿ, ಬೇಗ ತೂಕ ಬರಲಿ ಎಂದು ಫಾರಂ ಕೋಳಿಗಳಿಗೆ ಆಂಟಿಬಯೋಟಿಕ್ ಕೊಡುವ ರೂಢಿ ಬೆಳೆಯಿತು. ಆಗ ಮದ್ದಿಗೆ ಬಗ್ಗುವ ಬ್ಯಾಕ್ಟೀರಿಯಾ ಸತ್ತು, ಬಗ್ಗದವು ಉಳಿದು ಹೆಚ್ಚುತ್ತವೆ. ಬೇರೆ ಔಷಧ ನಾಟದಾಗ ಆಸ್ಪತ್ರೆಯಲ್ಲಿ ಕೊಡುವ ಕೊಲಿಸ್ಟಿನ್ ಕೂಡ ಕೋಳಿ ಮೇವಿಗೆ ಸೇರುತ್ತಿತ್ತು. 2019ರ ಜುಲೈನಲ್ಲಿ ಕೇಂದ್ರ ಸರಕಾರ ಅದನ್ನು ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನುಗಳಿಗೆ ನಿಷೇಧಿಸಿತು.

ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾದಿಂದ ಮಗುವಿಗೆ ತೀವ್ರ ಸೋಂಕಾದರೆ ಚಿಕಿತ್ಸೆ ಬಹಳ ಕಷ್ಟ. ಆದರೆ ಅದೂ ಬೆಂಕಿಗೆ ಬಗ್ಗುತ್ತದೆ. ಮಾಂಸದ ಒಳಭಾಗ 75 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಚೆನ್ನಾಗಿ ಬೇಯಿಸಿ. ಹಸಿ ಮಾಂಸ ಕೊಯ್ದ ಚಾಕುವಿನಲ್ಲೇ ಈರುಳ್ಳಿ, ಸೌತೆಕಾಯಿ ಹೆಚ್ಚಿದರೆ ಮಾತ್ರ, ಬೇಯದ ಕಚುಂಬರ್ ಮೂಲಕ ಅದು ಹೊಟ್ಟೆ ಸೇರುತ್ತದೆ.

ಕೋಳಿಯನ್ನು ನಲ್ಲೂರಿನಲ್ಲೇ ಕೊಂಡರೂ ಚನ್ನಗಿರಿಯಿಂದ ತಂದರೂ ಇಷ್ಟು ಮಾಡಿ:

• ಮಾಂಸಕ್ಕೆ ಚಾಕು, ಹಲಗೆ ಬೇರೆ ಇಡಿ.
• ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರಿ.
• ನಲ್ಲಿಯ ಕೆಳಗೆ ರಭಸವಾಗಿ ತೊಳೆಯಬೇಡಿ. ಸಿಡಿದ ನೀರು ಪಾತ್ರೆಗಳಿಗೆ ಬೀಳುತ್ತದೆ.
• ಬೆಂದ ಸಾರನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ.
• ಕುರ್ಬಾನಿಯ ಪಾಲನ್ನು ತಡಮಾಡದೆ ಹಂಚಿ.

ಭೇದಿಯಾದರೆ ಓಆರ್‌ಎಸ್ ಕುಡಿಸಿ. ಹಳೆಯ ಚೀಟಿ ತೋರಿಸಿ ಆಂಟಿಬಯೋಟಿಕ್ ತರಬೇಡಿ. ಜ್ವರ ಅಥವಾ ಮಲದಲ್ಲಿ ರಕ್ತ ಕಂಡರೆ ಮನೆಮದ್ದು, ಯೂನಾನಿ ಕಷಾಯ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಯೂನಾನಿ ವೈದ್ಯನಾಗಿಯೇ ಈ ಮಾತು ಹೇಳುತ್ತಿದ್ದೇನೆ.